ಯಾರೂ ಹೊಗಳದ ದಿನ

ಮೊದಲು ನಡುಗಿದ್ದು ಅವರ ಬಲಗೈ. ಕಾಫಿ ಲೋಟ ಹಿಡಿಯಲಾಗದೆ ಕೆಳಗಿಟ್ಟು, "ಸುಡ್ತೈತೆ ಕಣೇ," ಎಂದರು. ಕಾಫಿ ಆರಿತ್ತು.

ನಮ್ಮ ಯಜಮಾನರು ಮುಳಬಾಗಿಲು–ಕೋಲಾರ ಬಸ್ಸಿನ ಡ್ರೈವರ್. ಯುದ್ಧದಿಂದ ಪೆಟ್ರೋಲ್ ಸಿಗದಾದಾಗ ಇದ್ದಿಲು ಉರಿಸಿದ ಗ್ಯಾಸಿನಲ್ಲಿ ಬಸ್ಸು ಓಡಿಸಲು ನಮ್ಮ ಕಡೆ ಮೊದಲು ಕಲಿತವರು ಅವರೇ. ದಾರಿಯಲ್ಲಿ ಜನ ಕೈ ಮುಗಿದರೆ ಮುಖ ಅರಳುತ್ತಿತ್ತು. ಕೈ ಮುಗಿಯದವರ ಮೇಲೆ ವಾರಗಟ್ಟಲೆ ಸಿಟ್ಟು. ಅವರ ಕುಡಿತಕ್ಕೆ ದುಡಿಮೆಯ ದಣಿವೇ ಕಾರಣವೆಂದು ನಾನು ನಂಬಿದ್ದೆ.

ಮರುದಿನ ಬೆಳಿಗ್ಗೆ ರಕ್ತ ಕಾರಿದರು.

ಅವರ ಬಸ್ಸಿನಲ್ಲೇ ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ಓಡಿಸಿದ್ದು ಮೈದುನ ನಾರಾಯಣಪ್ಪ. ನನ್ನ ಸೆರಗೆಲ್ಲ ರಕ್ತ. ಇವರು ನನ್ನ ತೊಡೆಯ ಮೇಲಿಂದ ತಲೆಯೆತ್ತಿ, "ಏನ್ಲಾ, ಗೇರ್ ಹಾಕೋದು ಹಿಂಗಾ? ನಾನಾಗಿದ್ರೆ ಇಷ್ಟೊತ್ತಿಗೆ ಕೋಲಾರದಾಗಿರ್ತಿದ್ದೆ," ಎಂದು ಬೈಯುತ್ತಲೇ ಇದ್ದರು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲಿವರ್ ಕೆಟ್ಟಿದೆ ಎಂದರು. ನನ್ನನ್ನು ವರಾಂಡಕ್ಕೆ ಕರೆದು ಕೇಳಿದರು: "ಎಂಥ ದಿನ ಹೆಚ್ಚು ಕುಡೀತಾರಮ್ಮ?"

ಯಾರೂ ಹಾಗೆ ಕೇಳಿರಲಿಲ್ಲ. ಯೋಚಿಸಿದೆ. ಬಸ್ಸಿನ ಸಾಹುಕಾರರು ಬೇರೆ ಡ್ರೈವರನ್ನು ಹೊಗಳಿದ ದಿನ. ಮಗಳು ಹುಟ್ಟಿ, ಬಂದವರೆಲ್ಲ ತೊಟ್ಟಿಲ ಸುತ್ತ ನಿಂತ ದಿನ. ನನಗೆ ವಿಷಮಶೀತ ಜ್ವರ ಬಂದು, ನೆರೆಯವರು ಗಂಜಿ ತಂದು ತಲೆ ಸವರಿದ ದಿನ.

ಒಂದೊಂದನ್ನೇ ಡಾಕ್ಟರಿಗೆ ಹೇಳಿದೆ.

"ಯಾರೂ ತನ್ನನ್ನ ನೋಡ್ತಿಲ್ಲ ಅನ್ನಿಸಿದ್ರೆ ಅವರಿಗೆ ತಡೆಯೋಕಾಗಲ್ಲ. ಆಗ ಬಾಟ್ಲಿ ಬೇಕು," ಎಂದರು ಡಾಕ್ಟರು. "ಲಿವರಿಗೆ ಔಷಧಿ ಕೊಡ್ತೀನಿ. ಇದಕ್ಕೆ ನನ್ನ ಹತ್ರ ಇಲ್ಲ."

ಇಷ್ಟು ವರ್ಷ ನಾನು ಹೆಂಡದಂಗಡಿಯನ್ನು ಶಪಿಸಿದ್ದೆ. ಹೆಂಡತಿಯ ಜ್ವರದ ಮೇಲೂ, ಹಸುಗೂಸಿನ ಮೇಲೂ ಒಬ್ಬ ಮನುಷ್ಯನಿಗೆ ಹೊಟ್ಟೆಕಿಚ್ಚು ಬರಬಹುದೆಂದು ನನಗೆ ತಿಳಿದಿರಲಿಲ್ಲ.

ಕುಡಿತ ನಿಂತದ್ದೇ ಮೈಯೆಲ್ಲ ನಡುಕ, ಬಡಬಡಿಕೆ. ವಾರ್ಡಿನಲ್ಲಿ ಇಲ್ಲದ ಪ್ಯಾಸೆಂಜರುಗಳಿಗೆ "ಕೂತ್ಕೊಳ್ಳಿ" ಎನ್ನುತ್ತಿದ್ದರು. ನರ್ಸಮ್ಮ ಒಂದು ಕೈ, ನಾನೊಂದು ಕೈ ಹಿಡಿದುಕೊಂಡೆವು. ನಿಧಾನವಾಗಿ ಇಳಿಯಿತು.

ಈಗ ಜಗಲಿಯಲ್ಲಿ ಕೂತು ಬಂದವರಿಗೆಲ್ಲ, "ನನ್ನಂಗೆ ಒಂದೇ ಏಟಿಗೆ ಕುಡಿತ ಬಿಟ್ಟೋನು ಈ ತಾಲ್ಲೂಕಲ್ಲೇ ಇಲ್ಲ," ಎನ್ನುತ್ತಾರೆ. "ಇನ್ನೂ ಬುದ್ಧಿ ಬರ್ಲಿಲ್ಲ ನೋಡಿ ಅತ್ತಿಗೆ," ಎಂದ ನಾರಾಯಣಪ್ಪ. "ಇರ್ಲಿ ಬಿಡಪ್ಪ," ಎಂದೆ. "ಹಂಗಾದ್ರೂ ಬಿಟ್ಟಿರ್ಲಿ."

ನಿನ್ನೆ ಸಂಜೆ ಯಾರೂ ಬರಲಿಲ್ಲ. ಅವರು ಬೀದಿ ನೋಡುತ್ತ ಬಹಳ ಹೊತ್ತು ಕೂತಿದ್ದು, ಎದ್ದು ಚಪ್ಪಲಿ ಮೆಟ್ಟಿದರು. ಹೆಂಡದಂಗಡಿಗೇ ಹೊರಟರೆಂದುಕೊಂಡೆ; ಒಲೆಯ ಮುಂದಿಂದ ಏಳಲಿಲ್ಲ. ಕೂಗಲಿಲ್ಲ. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಮುದ್ದೆ ಇಕ್ಕೇ," ಎಂದರು.

ಇಕ್ಕಿದೆ.