ಮುಂಗೋಪಿ ಎಂಬ ಟ್ರಾನ್ಸ್‌ಮಿಟರು

ಟೆಂಪರೇಚರ್ ಟ್ರಾನ್ಸ್‌ಮಿಟರು ಎಂದರೆ ಏನೆಂದು ನನ್ನ ಮಾವನವರಿಗೆ ಮೂರು ಕಾಗದ ಬರೆದು ವಿವರಿಸಿದ್ದೆ. ಮೂರನೆಯದಕ್ಕೆ ಉತ್ತರವಾಗಿ ಅವರು, ಮನೆಯ ಥರ್ಮಾಮೀಟರು ಒಡೆದಿದೆ, ಬರುವಾಗ ಒಂದು ತನ್ನಿ ಎಂದು ಬರೆದರು. ಆಮೇಲೆ ಯಾರಿಗೂ ವಿವರಿಸುವ ಉಸಾಬರಿಗೆ ಹೋಗಲಿಲ್ಲ. ಇಲ್ಲಿ ಮಾತ್ರ ಸ್ವಲ್ಪ ಹೇಳಲೇಬೇಕು. ಕಾರ್ಖಾನೆಯ ದೊಡ್ಡ ಹಂಡೆಯಲ್ಲಿ ಏನೋ ಕುದಿಯುತ್ತಿರುತ್ತದೆ. ಅದರ ಬಿಸಿ ಎಷ್ಟೆಂದು ದೂರದ ಕಂಟ್ರೋಲ್ ರೂಮಿಗೆ ತಂತಿಯ ಮೂಲಕ ತಿಳಿಸುವ ಡಬ್ಬಿಯೇ ಈ ಟ್ರಾನ್ಸ್‌ಮಿಟರು. ಮೊದಲೆಲ್ಲ ಅದನ್ನು ಸ್ಕ್ರೂ ತಿರುಗಿಸಿ ತಿರುಗಿಸಿ ಹದಕ್ಕೆ ತರಬೇಕಿತ್ತು. ಎಂಬತ್ತರ ದಶಕದ ಕೊನೆಗೆ ಪ್ರೋಗ್ರಾಂ ಮಾಡುವಂಥವು ಬಂದವು. ಗುಂಡಿಗಳಿರುವ ಒಂದು ಕೈಪೆಟ್ಟಿಗೆಯನ್ನು ಜೋಡಿಸಿ, ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿಯವರೆಗೆ ಎಂದು ಒತ್ತಿದರೆ ಮುಗಿಯಿತು. ಜೊತೆಗೆ ಡಬ್ಬಿಗೊಂದು ಹೆಸರನ್ನೂ ಇಡಬಹುದಿತ್ತು, ಇಂಗ್ಲಿಷಿನ ಎಂಟಕ್ಷರ ಮೀರದಂತೆ.

ಆ ಡಬ್ಬಿಗಳನ್ನು ಮಾಡುವ, ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿಯಲ್ಲಿ ನಾನು ಟೆಸ್ಟಿಂಗ್ ಇಂಜಿನಿಯರು. ಪ್ರತಿ ಡಬ್ಬಿಯಲ್ಲೂ ಒಂದು ಹೆಸರು ಬರೆದು, ಅದಕ್ಕೆ ನೆನಪಿದೆಯೇ ಎಂದು ಓದಿ, ಅಳಿಸಿ ಕಳಿಸಬೇಕು. 'ಟೆಸ್ಟ್' ಎಂದು ಬರೆಯಿರಿ ಎನ್ನುತ್ತಿತ್ತು ನಿಯಮದ ಪುಸ್ತಕ. ದಿನಕ್ಕೆ ನಲವತ್ತು ಸಲ ಅದೇ ಪದ ಒತ್ತಲು ನನಗೇನು ಗ್ರಹಚಾರ? ಇಡೀ ಕಂಪನಿಯಲ್ಲಿ ಕನ್ನಡ ಬಲ್ಲವರು ನನ್ನನ್ನು ಬಿಟ್ಟರೆ ನಾನೇ. ಆದ್ದರಿಂದ ಉಪ್ಪಿಟ್ಟು ಎಂದು ಬರೆದೆ. ತಲೆನೋವು ಎಂದು ಬರೆದೆ, ಅದು ಸರಿಯಾಗಿ ಎಂಟಕ್ಷರ. ಒಂದು ಶುಕ್ರವಾರ ಮುಂಗೋಪಿ ಎಂದು ಬರೆದೆ.

ಅದು ನಮ್ಮ ಬಾಸು. ನಾವು ಬಾಯಿ ತೆರೆಯುವ ಮೊದಲೇ ರೇಗುವ ಮನುಷ್ಯ. ಕೋಪದ ಕೆಂಪು ಅವನ ಕತ್ತಿನಿಂದ ಹೊರಟು ಹಣೆಯವರೆಗೆ ಏರುವುದನ್ನು ನೋಡಿದರೆ ಇವನಿಗೇ ಒಂದು ಡಬ್ಬಿ ಜೋಡಿಸಬೇಕು ಅನ್ನಿಸುತ್ತಿತ್ತು. ನನ್ನ ಗ್ರೀನ್ ಕಾರ್ಡಿನ ಕಾಗದಗಳು ಸಹಿಗಾಗಿ ನಾಲ್ಕು ತಿಂಗಳಿಂದ ಅವನ ಮೇಜಿನ ಮೇಲೆ ಬಿದ್ದಿದ್ದವು. ಸಹಿ ಬೀಳದಿದ್ದರೆ ವೀಸಾ ಮುಗಿದ ದಿನ ನಾವು ಗಂಟುಮೂಟೆ ಕಟ್ಟಬೇಕು. ದಿನಾ ಸಂಜೆ ನನ್ನ ಹೆಂಡತಿ ಆಫೀಸಿಗೆ ಫೋನು ಮಾಡಿ, "ರೀ, ಸೈನ್ ಆಯ್ತಾ?" ಎಂದು ಕೇಳುತ್ತಿದ್ದಳು. "ಆದ್ರೆ ನಾನೇ ಹೇಳಲ್ವಾ?" ಎಂದು ಫೋನು ಕುಕ್ಕುತ್ತಿದ್ದೆ. ಆಕೆಗೆ ತಾಳ್ಮೆಯೆಂಬುದೇ ಇಲ್ಲ ಎನ್ನುವುದು ಆಗಿನ ನನ್ನ ಅಭಿಪ್ರಾಯ.

ಆ ಶುಕ್ರವಾರ ಬಾಸು, ಆರ್ಡರು ಇನ್ನೂ ಹೊರಟಿಲ್ಲವೇಕೆ ಎಂದು ಬೆನ್ನ ಹಿಂದೆ ನಿಂತು ಕೂಗಾಡಿದ. ಆ ಗಡಿಬಿಡಿಯಲ್ಲಿ ಹೆಸರು ಅಳಿಸುವುದನ್ನು ಮರೆತೆ. ಡಬ್ಬಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧ ಲ್ಯಾಬಿಗೆ ಹೋಯಿತು. ಸೋಮವಾರ ಅಲ್ಲಿಂದ ಫೋನು ಬಂತು: ನಿಮ್ಮ ಒಂದು ಟ್ರಾನ್ಸ್‌ಮಿಟರು ತನ್ನ ಹೆಸರು ಮುಂಗೋಪಿ ಎನ್ನುತ್ತಿದೆ. ಬಾಸು ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಹೊರಟ. ಫ್ರೀವೇ ಹತ್ತುವ ಮೊದಲೇ ಕೆಂಪು ಕಿವಿಯವರೆಗೆ ಬಂದಿತ್ತು. ಮನೆಸಾಮಾನಿನಲ್ಲಿ ಯಾವುದನ್ನು ಮಾರುವುದು, ಯಾವುದನ್ನು ಹಡಗಿಗೆ ಹಾಕುವುದು ಎಂದು ನಾನು ಯೋಚಿಸುತ್ತಿದ್ದೆ.

ಲ್ಯಾಬಿನಲ್ಲಿ ಉಪಕರಣಗಳ ಉಸ್ತುವಾರಿ ನೋಡುತ್ತಿದ್ದವರು ಬಿಳಿ ಕೋಟಿನ ಒಬ್ಬ ಹೆಂಗಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಚ್ಚ ಮಂಗಳೂರು ಕನ್ನಡದಲ್ಲಿ ಕೇಳಿದರು.

"ಇದು ನೀವು ಬರೆದದ್ದಾ ಮಾರಾಯ್ರೆ? ಯಾರಿಗೆ, ಇವರಿಗಾ?"

ಏನು ಭಾಷೆ ಅದು, ಏನರ್ಥ ಎಂದು ಬಾಸು ಗುಡುಗಿದ. ಆಕೆ ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ ಹೇಳಿದರು: "ಎಲ್ಲರಿಗಿಂತ ಮೊದಲು ಬಿಸಿಯಾಗುವವನು ಅಂತ ಅರ್ಥ."

ಸುಳ್ಳೆಂದು ಹೇಳುವಂತಿರಲಿಲ್ಲ. ಬಾಸು ಮೇಜು ಗುದ್ದಿ, ಟ್ರಾನ್ಸ್‌ಮಿಟರಿಗೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ ಎಂದ. ಹೊಸ ಮಾಡೆಲಿಗೆ ಅದನ್ನೇ ಇಡುವುದಾಗಿ ಅಲ್ಲೇ ಘೋಷಿಸಿದ. ಅಷ್ಟಕ್ಕೆ ನಿಲ್ಲಲಿಲ್ಲ. ಕೆಲವು ವಾರಗಳ ಮೇಲೆ ಅವನ ಕಾರಿನ ಹಿಂದೆ ನಂಬರಿನ ಬದಲು ದಪ್ಪಕ್ಷರದಲ್ಲಿ ಮುಂಗೋಪಿ ಎಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟರೆ ಪ್ಲೇಟಿನ ಮೇಲೆ ಬೇಕಾದ್ದು ಬರೆಸಬಹುದು. ಸಹಿ ಮಾತ್ರ ಇನ್ನೂ ಬಿದ್ದಿರಲಿಲ್ಲ.

"ಒಂದ್ಸಲ ದೇವಸ್ಥಾನದ ಊಟಕ್ಕೆ ಕರೀರಿ. ಹೊಟ್ಟೆ ತುಂಬಿದ್ರೆ ಮನಸ್ಸು ಕರಗುತ್ತೆ," ಎಂದಳು ಹೆಂಡತಿ. ಅವಳ ಕಾಟ ತಾಳಲಾರದೆ ಕರೆದೆ. ಭಾನುವಾರ ಅವನು ಲಿವರ್‌ಮೋರ್ ದೇವಸ್ಥಾನಕ್ಕೆ ಟೈ ಕಟ್ಟಿಕೊಂಡು ಬಂದ. ಬಂದವನು ಕಾರನ್ನು ಸರಿಯಾಗಿ ಮುಂಬಾಗಿಲಿನ ಎದುರಿಗೇ ನಿಲ್ಲಿಸಿದ. ಅದರ ಹಿಂದೆ ನಮ್ಮವರ ಒಂದು ಸಣ್ಣ ಗುಂಪೇ ಸೇರಿತು. ಮಗನ ಮನೆಗೆ ಬಂದಿದ್ದ ಧಾರವಾಡದ ಅಜ್ಜರೊಬ್ಬರು ಕನ್ನಡಕ ಏರಿಸಿ ಓದಿದರು. "ಯಾರರೀ ಇಂವಾ? ಹಣೆಬರಹಾನ ಹಿಂದ ಬರಕೊಂಡ ಅಡ್ಡಾಡ್ತಾನಲ್ಲ."

ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತನ್ನ ಪ್ಲೇಟು ಎಲ್ಲರಿಗೂ ಹಿಡಿಸಿತೆಂದು ಬಾಸು ತಾನೂ ನಕ್ಕ. ನಗುತ್ತಲೇ ನನ್ನ ಏಳು ವರ್ಷದ ಮಗಳ ಕಡೆ ಬಾಗಿ, ಇದು ನಿಮ್ಮ ಭಾಷೆಯಂತೆ, ನಿನಗೆ ಅರ್ಥ ಗೊತ್ತೇ ಎಂದು ಕೇಳಿದ. ನಾನು ಅವಳ ಬಾಯಿ ಮುಚ್ಚಲು ಮುಂದೆ ಹೋದೆ. ತಡವಾಗಿತ್ತು.

"ದಟ್ಸ್ ಮೈ ಡ್ಯಾಡ್," ಎಂದಳು. "ಅಮ್ಮ ಕಾಲ್ಸ್ ಹಿಮ್ ಮುಂಗೋಪಿ. ಹಿ ಗೆಟ್ಸ್ ಮ್ಯಾಡ್ ಬಿಫೋರ್ ಯೂ ಸೇ ಎನಿಥಿಂಗ್."

ಹೇಳಿ ಮುಗಿಸಿದವಳೇ ಅಮ್ಮನ ಸೀರೆಯ ಹಿಂದೆ ಸರಿದು, ಅಲ್ಲಿಂದ ನನ್ನ ಮುಖವನ್ನೇ ನೋಡತೊಡಗಿದಳು. ಹೆಂಡತಿ ನೆಲ ನೋಡುತ್ತಿದ್ದಳು. ಬೆನ್ನ ಹಿಂದೆ ನನಗೊಂದು ಹೆಸರಿರುವುದು ನನಗೆ ಗೊತ್ತೇ ಇರಲಿಲ್ಲ. ಬಾಸಿನ ಕತ್ತಿನಲ್ಲಿ ಕೆಂಪು ಹೊರಟಿತು, ಗದ್ದಕ್ಕೆ ಬಂತು.

"ಅಂದರೆ ಇದು ನಿನ್ನ ಹೆಸರೋ? ನನ್ನ ಕಾರಿನ ಮೇಲೆ?"

"ಹೌದು, ನನ್ನದೇ," ಎಂದೆ. ಆ ಹೊತ್ತಿನಲ್ಲಿ ಅದು ಸುಳ್ಳಾಗಿರಲಿಲ್ಲ, ನಾಚಿಕೆಯೂ ಆಗಿತ್ತು.

ಕೆಂಪು ಅಲ್ಲೇ ನಿಂತಿತು. ಒಳಗೆ ಬಂದು, ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡು, ಮೊಸರನ್ನಕ್ಕೆ ಬಂದಾಗ ಬಾಸು ತಟ್ಟೆ ನೋಡುತ್ತ ಹೇಳಿದ: "ನನ್ನ ಹೆಂಡತಿಯೂ ನನಗೆ ಇಂಥದ್ದೇ ಏನೋ ಅನ್ನುತ್ತಿದ್ದಳು. ಬಿಟ್ಟುಹೋಗುವ ಮುಂಚೆ." ಕೈ ತೊಳೆದು ಬಂದು, ನಾಳೆ ಬೆಳಿಗ್ಗೆ ಮೊದಲು ನಿನ್ನ ಕಾಗದಕ್ಕೆ ಸಹಿ ಹಾಕುತ್ತೇನೆ, ನೆನಪಿಸು ಎಂದು ಹೇಳಿ ಹೊರಟುಹೋದ.

ಸ್ಯಾನ್ ರಮೋನಿನ ನಮ್ಮ ಮನೆಗೆ ವಾಪಸು ಬರುವಾಗ ಹೆಂಡತಿ ಕಾರಿನಲ್ಲಿ ಊರಿಗೆ ಯಾರ್‍ಯಾರಿಗೆ ಕಾಗದ ಬರೆಯಬೇಕೆಂದು ಲೆಕ್ಕ ಹಾಕುತ್ತಿದ್ದಳು. ನಾನು ಗೆದ್ದಿದ್ದೆ. ಹಿಂದಿನ ಸೀಟಿನಿಂದ ಮಗಳು ಮೆಲ್ಲಗೆ ಕೇಳಿದಳು, "ಅಪ್ಪಾ, ಆರ್ ಯೂ ಮ್ಯಾಡ್?"

"ಇಲ್ಲ ಪುಟ್ಟಿ," ಎಂದೆ, ಆದಷ್ಟು ಮೆತ್ತಗೆ.

ಫ್ರೀವೇಯ ಎರಡು ಎಕ್ಸಿಟ್ ದಾಟಿದ ಮೇಲೆ ಅವಳು ಮತ್ತೆ ಅದನ್ನೇ ಕೇಳಿದಳು.