ಎಲ್ಲಾ ಕಡೆ ಬದಲಿಸ್ರಿ

ಹೊಸದಾಗಿ ಬರೆಯುವುದಕ್ಕಿಂತ ಬರೆದದ್ದನ್ನು ತಿದ್ದುವುದರಲ್ಲಿ ದಣಿವು ಹೆಚ್ಚು. ತೊಂಬತ್ತರ ದಶಕದಲ್ಲಿ ಸಿಂಧನೂರಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಲಗ್ನಪತ್ರಿಕೆ ತಯಾರಿಸುತ್ತಿದ್ದ ನನಗೆ ಈ ಜ್ಞಾನೋದಯವಾಯಿತು. ಬೆನ್ನುನೋವೂ ಅದರ ಜೊತೆಗೇ ಬಂತು. ಪತ್ರಿಕೆ ಮುಗಿದ ಮೇಲೆಯೇ ಜನಕ್ಕೆ ಸೋದರಮಾವಂದಿರು ನೆನಪಾಗುವುದು.

ಒಂದು ಸಮಾಧಾನವಿತ್ತು. ಯಾವ ಪದ ತೆಗೆಯಬೇಕು, ಯಾವುದು ಬರಬೇಕು ಎಂದು ಹೇಳಿದರೆ ಯಂತ್ರವೇ ಹುಡುಕಿ ಬದಲಿಸುತ್ತಿತ್ತು. ಬೇಕಾದ ಸಾಲುಗಳನ್ನು ಗುರುತು ಮಾಡಿ ಅಲ್ಲಿ ಮಾತ್ರ ಬದಲಿಸಬಹುದು. ಇಲ್ಲವೇ ಒಂದೇ ಏಟಿಗೆ ಎಲ್ಲಾ ಕಡೆ. ಮಸ್ಕಿಯ ಬಂಡೆಯ ಮೇಲೆ ಶಾಸನ ಕೊರೆದ ಪುಣ್ಯಾತ್ಮನಿಗೆ ಈ ಅನುಕೂಲ ಇರಲಿಲ್ಲ. ಅದಕ್ಕೇ ಅಲ್ಲಿ ರಾಜನ ಹೆಸರು ಇನ್ನೂ ಉಳಿದಿದೆ.

ಒಂದು ಮಧ್ಯಾಹ್ನ ಗೊರೇಬಾಳದ ರೈತರೊಬ್ಬರು ಮದುವೆ ಗೊತ್ತಾದ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಹೆಸರು ಹುಲಿಗೆಮ್ಮ. ಪತ್ರಿಕೆ ಆಗಲೇ ಸಿದ್ಧವಾಗಿತ್ತು. ಸೊಸೆಗೆ ಗಂಡನ ಮನೆಯವರು ಹೊಸ ಹೆಸರಿಡುವುದು ನಮ್ಮ ಕಡೆ ಇದ್ದದ್ದೇ. ಲಿಂಗಸೂಗೂರಿನ ಈ ಬೀಗರಿಗೆ ಲಗ್ನದವರೆಗೂ ತಡೆಯಲಾಗಲಿಲ್ಲ. ಪತ್ರಿಕೆಯಲ್ಲೇ ಶಿಲ್ಪಾ ಎಂದಿರಬೇಕಂತೆ.

“ಒಂದೊಂದ ನೋಡಿ ಬದಲಿಸ್ಲೇನ್ರಿ?” ಎಂದೆ.

“ಹೊತ್ತಾಗ್ತದ. ಎಲ್ಲಾ ಕಡೆ ಬದಲಿಸ್ರಿ,” ಎಂದರು ತಂದೆ.

ನನಗೂ ಸಾಕಾಗಿತ್ತು. ಗುಂಡಿ ಒತ್ತಿದೆ.

ಹೊರಬಂದ ಪ್ರತಿಯ ನೆತ್ತಿಯ ಮೇಲೆ ‘ಶ್ರೀ ಶಿಲ್ಪಾ ದೇವಿ ಪ್ರಸನ್ನ’ ಎಂದಿತ್ತು. ಹುಲಿಗೆಮ್ಮ ದೇವಿಗೇ ಆದ ನಾಮಕರಣಕ್ಕೆ ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಶೀರ್ವಾದದ ಸಾಲಿಗೆ ಬಂದಾಗ ನಗೆ ನಿಂತಿತು. ತೀರಿಕೊಂಡ ಅವರ ತಾಯಿಯೂ ಹುಲಿಗೆಮ್ಮ. ಆ ಹೆಸರನ್ನೇ ಮಗಳಿಗೆ ಇಟ್ಟಿದ್ದರು. ಈಗ ಅಲ್ಲಿ ‘ದಿವಂಗತ ಶಿಲ್ಪಾ’ ಎಂದಿತ್ತು.

“ನಮ್ಮವ್ವನ ಹೆಸರು ತೆಗಿಯಾಕ ಯಾರು ಹೇಳಿದ್ರು ನಿಮಗ?” ಎಂದು ನನ್ನ ಮೇಲೆ ರೇಗಿದರು.

ಆಗ ಹುಡುಗಿ ಬಾಯಿಬಿಟ್ಟಳು. “ಯಪ್ಪಾ, ನಿಮ್ಮವ್ವನ ಹೆಸರು ಹೋದ್ರ ಇಷ್ಟು ಸಿಟ್ಟು ಬಂತು ನಿನಗ. ನನ್ನ ಹೆಸರೂ ಅದೇ ಅಲ್ಲೇನು?”

ಅವರು ಕಾಗದವನ್ನು ನನ್ನ ಕಡೆ ಸರಿಸಿದರು. “ಮೊದಲಿದ್ದಂಗ ಮಾಡ್ರಿ. ಬೀಗರಿಗೆ ನಾ ಹೇಳ್ತೀನಿ,” ಎಂದರು. ದನಿಯಲ್ಲಿ ಧೈರ್ಯಕ್ಕಿಂತ ಆಯಾಸವೇ ಹೆಚ್ಚಿತ್ತು. ಆದರೂ ನನಗೆ ತುಂಬಾ ಖುಷಿಯಾಯಿತು. ಆ ಇಡೀ ಲಗ್ನದ ಸುಗ್ಗಿಯಲ್ಲಿ ಬೇಸರವಿಲ್ಲದೆ ಮಾಡಿದ ತಿದ್ದುಪಡಿ ಅದೊಂದೇ.

ನಮ್ಮ ಮನೆಯಲ್ಲೂ ಒಂದು ಹೆಸರು ಬದಲಾಗಿತ್ತು. ಮಸ್ಕಿಯ ತವರಿನಲ್ಲಿ ಯಂಕಮ್ಮ ಆಗಿದ್ದವಳನ್ನು ನಮ್ಮವರು ಸುಜಾತಾ ಮಾಡಿದ್ದರು. ಆ ಸಂಜೆ ಚಪ್ಪಲಿ ಬಿಡುತ್ತಲೇ, “ಯಂಕಮ್ಮಾ” ಎಂದು ಕೂಗಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದು, ನನ್ನನ್ನು ದಾಟಿ ಬಾಗಿಲಾಚೆ ನೋಡಿದಳು.

“ಮಸ್ಕಿಯವರು ಯಾರು ಬಂದಾರ್ರೀ?”