ನರ್ಸಬಾಯಿ ಬೇಡವೆಂದ ಸಂಬಂಧ

ನರ್ಸಬಾಯಿಯವರ ಎರಡೂ ಕೈಗಳಿಗೆ ಮೊಳಕೈವರೆಗೆ ಯಾವಾಗಲೂ ಬೂದಿಬಣ್ಣದ ನುಣ್ಣನೆಯ ಪುಡಿ ಮೆತ್ತಿಕೊಂಡಿರುತ್ತಿತ್ತು. ಎಣ್ಣೆ ಹಚ್ಚಿ ಬಿಗಿದ ತುರುಬು, ಇಸ್ತ್ರಿಯ ಗೆರೆ ಮುರಿಯದ ಕಾಟನ್ ಸೀರೆ, ಬಲಗೈ ತೋರುಬೆರಳಿನ ಮೇಲೆ ಹಲ್ಲು ನೆಟ್ಟ ಎರಡು ಹಳೆಯ ಗುರುತು. ಇಷ್ಟೊಂದು ಅಚ್ಚುಕಟ್ಟಿನ ಹೆಂಗಸಿಗೆ ಕೈ ಮಾತ್ರ ಹಿಟ್ಟಿನ ಗಿರಣಿಯವರದು. ಬೆಟಗೇರಿಯ ನಮ್ಮ ಓಣಿಯ ಜನ ಅವರ ಬೆನ್ನ ಹಿಂದೆ ‘ಇಲಿಬಾಯಿ’ ಎನ್ನುತ್ತಿದ್ದರು. ಎದುರಿಗೆ ಸಿಕ್ಕರೆ “ನರ್ಸಬಾಯಾರ, ಸ್ವಲ್ಪ ಬಿಪಿ ನೋಡ್ರಿ” ಎಂದು ತೋಳು ಚಾಚುತ್ತಿದ್ದರು. ನಾನೂ ಆ ಓಣಿಯವಳೇ, ಬೇರೆಯವರನ್ನು ಬೈದು ಪ್ರಯೋಜನವಿಲ್ಲ.

ಆ ಪುಡಿ ಚಿಂಚಿಲಾಗಳ ಸ್ನಾನದ್ದು. ಚಿಂಚಿಲಾ ಎಂದರೆ ಇಲಿಯ ಬಳಗದ ಪ್ರಾಣಿ. ಮೊಲದ ಮರಿಯಷ್ಟು ಗಾತ್ರ, ಅಳಿಲಿನಂಥ ಬಾಲ, ಬೆರಳಿಟ್ಟರೆ ಮುಳುಗಿಹೋಗುವ ಬೂದು ತುಪ್ಪಳ. ಮೂಲ ಎಲ್ಲೋ ದಕ್ಷಿಣ ಅಮೆರಿಕದ ಚಳಿಗುಡ್ಡ. ನೀರು ತಾಗಿಸುವಂತಿಲ್ಲ, ಪುಡಿಯಲ್ಲಿ ಹೊರಳಿಯೇ ಮೈ ತೊಳೆದುಕೊಳ್ಳುತ್ತದೆ. ಸೆಕೆಯನ್ನಂತೂ ತಡೆಯುವುದೇ ಇಲ್ಲ. ಅಂಥ ಜೀವ ಗದಗಿನ ಬಿಸಿಲಿಗೆ ಬಂದದ್ದು ಮಕ್ಕಳ ಹುಟ್ಟುಹಬ್ಬದ ದೆಸೆಯಿಂದ. ಉಳ್ಳವರು ದೊಡ್ಡ ಊರಿನ ಅಂಗಡಿಯಿಂದ ಜೋಡಿ ತರುತ್ತಾರೆ, ಆರು ತಿಂಗಳಿಗೆ ಬೇಸರವಾಗುತ್ತದೆ, ಎಲ್ಲಾದರೂ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ.

ನಾಗಾವಿ ಕಡೆ ಬಾಡಿಗೆಗಿದ್ದ ಸಂಸಾರವೊಂದು ವರ್ಗವಾಗಿ ಹೋಗುವಾಗ ಹೀಗೆ ಒಂದು ಜೋಡಿಯನ್ನು ಪಂಜರ ಸಮೇತ ಹಿತ್ತಲಲ್ಲಿ ಬಿಟ್ಟು ಹೋಗಿತ್ತು. ನರ್ಸಬಾಯಿ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ನಿವೃತ್ತರಾದ ವರ್ಷ ಅದು. ಸುದ್ದಿ ಕಿವಿಗೆ ಬಿದ್ದದ್ದೇ ಆಟೋ ಮಾಡಿಕೊಂಡು ಹೋಗಿ ತೊಡೆಯ ಮೇಲೆ ಪಂಜರ ಇಟ್ಟುಕೊಂಡು ಬಂದರು. ಒಳಕೋಣೆಗೆ ಎ.ಸಿ. ಹಾಕಿಸಿದರು. ತಾವು ಮಾತ್ರ ಪಡಸಾಲೆಯಲ್ಲಿ ಕಿರುಗುಟ್ಟುವ ಫ್ಯಾನಿನ ಕೆಳಗೆ ಮಲಗುತ್ತಿದ್ದರು. ಕರೆಂಟು ಹೋದರೆ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ನೀರಿನ ಬಾಟಲಿ ತೆಗೆದು, ಬಟ್ಟೆ ಸುತ್ತಿ ಪ್ರತಿ ಪಂಜರಕ್ಕೂ ಒಂದೊಂದು ಇಡುತ್ತಿದ್ದರು. ಒಂದರ ಹಿಂದೆ ಒಂದು ಬಂದು ನಾಲ್ಕೈದು ವರ್ಷದಲ್ಲಿ ಹದಿನಾಲ್ಕಾದವು.

ಬಂದವುಗಳಲ್ಲಿ ಅರ್ಧಕ್ಕರ್ಧ ಹಲ್ಲು ಸೊಟ್ಟಗಾಗಿ ಬೆಳೆದು, ಹುಲ್ಲು ಎದುರಿಗಿದ್ದರೂ ತಿನ್ನಲಾಗದೆ ಸೊರಗಿ ಸಾಯುತ್ತಿದ್ದವು. ಒಂದೇ ಸೂಲಿನ ಅಣ್ಣತಂಗಿಯರನ್ನು ಕೂಡಿಸಿ ಮರಿ ಮಾಡಿಸಿ ಮಾರುವುದರಿಂದ ಹೀಗಾಗುತ್ತದೆ ಎಂದು ನರ್ಸಬಾಯಿ ಹುಡುಕಿ ಓದಿ, ದೂರದ ಪ್ರಾಣಿವೈದ್ಯರಿಗೆ ಫೋನು ಮಾಡಿ ಕೇಳಿ ತಿಳಿದುಕೊಂಡರು. ಆಗ ತಾವೇ ಒಂದು ಗಟ್ಟಿ ಸಂತಾನ ಬೆಳೆಸುವ ಹಟ ಹಿಡಿದರು. ರಕ್ತಸಂಬಂಧವಿಲ್ಲದ ಜೋಡಿ ನೋಡಿ, ವರ್ಷಕ್ಕೆ ಒಂದೆರಡು ಸೂಲು ಮಾತ್ರ. ಅದಕ್ಕೊಂದು ಉದ್ದನೆಯ ನೋಟ್‌ಬುಕ್ಕು: ತಾಯಿ, ತಂದೆ, ಅಜ್ಜ, ಅಜ್ಜಿ, ಹುಟ್ಟಿದಾಗಿನ ತೂಕ. ಕಣ್ಣಿಗೆ ಪೊರೆ ಬಂದ ಮೇಲೆ ಅದನ್ನು ಬರೆಯುವ ಕೆಲಸ ನನಗೆ ಬಿತ್ತು. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಮಧ್ಯಾಹ್ನ ಮಷೀನು ನಿಲ್ಲಿಸಿ ಹೋಗುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನನ್ನ ಮಗಳು ಪಕ್ಕದಲ್ಲಿ ಕೂತು ಮರಿಗಳಿಗೆ ಹುಲ್ಲು ತಿನಿಸುತ್ತಿದ್ದಳು. ಎಷ್ಟು ಸಲ ನನ್ನ ಕೈಯಾರೆ ಬರೆದಿದ್ದೇನೆ: ‘ಸಂಬಂಧ ಇದೆ, ಕೂಡಿಸಬಾರದು.’

ಒಮ್ಮೆ ಲಕ್ಷ್ಮೇಶ್ವರದ ವ್ಯಾಪಾರಸ್ಥರೊಬ್ಬರು ಬಂದರು. ಹಿಂದಿನ ವರ್ಷ ಇಲ್ಲಿಂದಲೇ ಒಂದು ಗಂಡು ಒಯ್ದಿದ್ದರು, ಈಗ ಅದಕ್ಕೊಂದು ಹೆಣ್ಣು ಬೇಕಿತ್ತು. ಅವರು ಬೆರಳು ಮಾಡಿ ತೋರಿಸಿದ ಹೆಣ್ಣು ಆ ಗಂಡಿನ ತಾಯಿಯ ತಮ್ಮನ ಮಗಳು.

“ಅದನ್ನ ಕೊಡೂದಿಲ್ರಿ. ಮಾವನ ಮಗಳು ಆಗ್ತೈತಿ,” ಎಂದರು ನರ್ಸಬಾಯಿ.

ಅವರು ನಕ್ಕರು. “ಮಾವನ ಮಗಳಂದ್ರ ಮತ್ತಷ್ಟು ಚೊಲೋ ಆತಲ್ರಿ. ಹಕ್ಕಿನ ಹೆಣ್ಣು.”

“ಹಕ್ಕು ನಿಮ್ಮ ಮನ್ಯಾಗ ನಡಸ್ರಿ. ನನ್ನ ಪಂಜರದಾಗ ನಡಿಯೂದಿಲ್ಲ.”

ಅವರು ಹೋದ ಮೇಲೆ ನಾನೂ ನಗುತ್ತಿದ್ದೆ. ನರ್ಸಬಾಯಿ ನಗಲಿಲ್ಲ. ಪುಡಿಗೈಯಲ್ಲೇ ಕೂತು, ಅಂದೊಂದೇ ಸಲ, ತಮ್ಮ ಕಥೆ ಹೇಳಿದರು. ಮುಂಡರಗಿಯ ಸ್ವಂತ ಸೋದರಮಾವನಿಗೆ ಹದಿನಾರಕ್ಕೆ ಕೊಟ್ಟಿದ್ದರಂತೆ. ಮೂರು ಹೆತ್ತರು, ಮೂರೂ ಕೈಗೆ ದಕ್ಕಲಿಲ್ಲ. ಇವಳ ಹೊಟ್ಟೆಯೇ ಸರಿಯಿಲ್ಲ ಎಂದು ಗಂಡ ಇನ್ನೊಂದು ಮದುವೆಯಾದ. ಇವರು ನರ್ಸಿನ ತರಬೇತಿಗೆ ಸೇರಿದರು. “ತರಬೇತ್ಯಾಗ ಒಂದಿನ ಪಾಠ ಹೇಳಿದ್ರು ನೋಡವಾ, ರಕ್ತಸಂಬಂಧದ್ದು. ಅವತ್ತ ನನಗ ಗೊತ್ತಾತು, ತಪ್ಪು ನಂದಲ್ಲಂತ. ಯಾರಿಗೆ ಹೋಗಿ ಹೇಳಲಿ?” ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಕಣ್ಣೀರಿಗೇನು ಬೇಕು, ಬೇರೆಯವರ ಮನೆಯ ಕಥೆಗೆ ಬೇಗ ಬರುತ್ತದೆ.

ಎರಡು ವರ್ಷ ಕಳೆದಿರಬೇಕು. ಮಗಳ ಡಿಗ್ರಿ ಮುಗಿದಿತ್ತು. ಬೆಳ್ಳಟ್ಟಿಯಲ್ಲಿ ನನ್ನ ತವರು, ಅಲ್ಲಿ ನನ್ನ ಕಡೆಯ ತಮ್ಮ. ಒಳ್ಳೆಯವನು, ಚಟವಿಲ್ಲ, ನೀರಾವರಿ ಹೊಲ. ನನ್ನವ್ವ ಹಾಸಿಗೆ ಹಿಡಿದವಳು ನನ್ನ ಕೈ ಹಿಡಿದು, “ಮನ್ಯಾಗ ಹುಡುಗ ಇದ್ದಾಗ ಹೊರಗ ಯಾಕ ಕೊಡ್ತಿ?” ಎಂದಳು. ನನಗೂ ಅದೇ ಬೇಕಿತ್ತು. ಮಗಳು ತವರಿಗೇ ಹೋದರೆ ನನಗೆ ತವರು ಉಳಿಯುತ್ತದೆ ಎಂಬ ಆಸೆ. ಮಗಳನ್ನು ಕೇಳಿದೆ. “ನೀ ಹೇಳಿದಂಗ,” ಎಂದು ಒಳಗೆ ಹೋದಳು. ಅದನ್ನು ಒಪ್ಪಿಗೆ ಎಂದುಕೊಂಡೆ. ಬೇರೆ ಏನೆಂದುಕೊಳ್ಳಲೂ ನನಗೆ ಮನಸ್ಸಿರಲಿಲ್ಲ.

ಮಾತು ಪಕ್ಕಾ ಆಗುವ ಹಿಂದಿನ ದಿನ ನರ್ಸಬಾಯಿ ನಮ್ಮ ಮನೆಗೆ ಬಂದರು. ಕೈ ತೊಳೆದುಕೊಂಡು ಬಂದಿದ್ದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ನೇರ ಮಾತಿಗೆ ಬಂದರು.

“ಈ ಸಂಬಂಧ ಬಿಟ್ಟುಬಿಡವಾ.”

“ಎಲ್ಲಾ ಮಾತಾಗೇತ್ರಿ, ಬಾಯಾರ.”

“ಆಗಲಿ. ಇನ್ನೂ ಅಕ್ಕಿಕಾಳು ಬಿದ್ದಿಲ್ಲ. ನೀ ತಿಳದಾಕಿ. ನನ್ನ ಬುಕ್ಕಿನಾಗ ನಿನ್ನ ಕೈಲೆ ಎಷ್ಟ ಸಲ ಬರದಿ?”

ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ಮಗಳು ಇದ್ದಳು, ಅಡುಗೆಮನೆಯಲ್ಲಿ ಮದುವೆಯ ಸಂಭ್ರಮದ ನನ್ನ ನಾದಿನಿ ಇದ್ದಳು. “ನನ್ನ ಮಗಳು ನಿಮ್ಮ ಪಂಜರದಾಗಿನ ಇಲಿ ಅಲ್ರಿ,” ಎಂದೆ.

“ಅಲ್ಲಂತನ ಹೇಳಾಕ ಬಂದೇನಿ,” ಎಂದರು ಮೆಲ್ಲಗೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ನಿಮ್ಮ ಹೊಟ್ಟ್ಯಾಗ ಒಂದೂ ಉಳೀಲಿಲ್ಲಂತ ಆ ಉರಿ ತಂದು ನನ್ನ ಮನಿಗೆ ಹಚ್ಚಬ್ಯಾಡ್ರಿ,” ಎಂದುಬಿಟ್ಟೆ. ನರ್ಸಬಾಯಿ ಒಂದು ಗಳಿಗೆ ನನ್ನ ಭುಜದ ಆಚೆ ಒಳಕೋಣೆಯ ಬಾಗಿಲನ್ನು ನೋಡಿದರು. ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆಮೇಲೆ ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ನೋಟ್‌ಬುಕ್ಕನ್ನು ಅವರೇ ದಪ್ಪ ಅಕ್ಷರದಲ್ಲಿ, ಗೆರೆ ತಪ್ಪಿಸಿಕೊಂಡು, ಬರೆಯುತ್ತಿದ್ದರಂತೆ.

ಮದುವೆಯಾಯಿತು. ಮೊದಲ ಮಗು ಹನ್ನೊಂದು ದಿನ ಬದುಕಿತು. ಎರಡನೆಯದು ಐದು ತಿಂಗಳು. ಎರಡನೆಯದರ ಹೊತ್ತಿಗೆ ಹುಬ್ಬಳ್ಳಿಯ ಡಾಕ್ಟರು ಕಾಗದ ನೋಡುತ್ತ ಮೊದಲು ಕೇಳಿದ್ದೇ, “ಸಂಬಂಧದಾಗ ಆಗೇದೇನ್ರಿ?” ಸಂಬಂಧದಲ್ಲಿ ಆದವರೆಲ್ಲರಿಗೂ ಹೀಗಾಗುವುದಿಲ್ಲ, ಆದರೆ ನಿಮ್ಮಲ್ಲಿ ಆಗಿದೆ ಎಂದೂ ಅವರೇ ಹೇಳಿದರು. ನನ್ನ ತಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದ. ಮಗಳು ನನ್ನನ್ನು ನೋಡಲಿಲ್ಲ.

ಆ ಎರಡನೆಯ ಕೂಸನ್ನೂ ಕಳೆದುಕೊಂಡು ಮಗಳು ನಮ್ಮ ಮನೆಗೆ ಬಂದು ಮಲಗಿದಾಗ ನರ್ಸಬಾಯಿ ಕರೆಯದೇ ಬಂದರು. ಎದೆಹಾಲು ಕಟ್ಟಿ ಜ್ವರ ಬಂದಿತ್ತು. ಬಿಸಿನೀರಿನ ಶಾಖ ಕೊಟ್ಟರು, ಮಾತ್ರೆ ಕೊಟ್ಟರು, ತಲೆ ಬಾಚಿದರು. ಹೀಗೆ ಒಂಬತ್ತು ದಿನ. ನನ್ನೊಂದಿಗೆ “ನೀರು ಕಾಸು”, “ಅರಿವಿ ಕೊಡು” ಎಂಬಷ್ಟೇ ಮಾತು. ‘ನಾ ಹೇಳಿರಲಿಲ್ಲೇನು’ ಎಂದು ಒಂದು ಸಲ ಅಂದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೋ ಏನೋ. ಅವರು ಅನ್ನಲಿಲ್ಲ, ನಾನು ಬೀಳಲಿಲ್ಲ. ಹೊಟ್ಟೆ ತುಂಬ ಸೊಕ್ಕು ತುಂಬಿಕೊಂಡವಳಿಗೆ ಬಗ್ಗಲು ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನರ್ಸಬಾಯಿ ಹೋದರು. ಬೆಳಿಗ್ಗೆ ಹುಲ್ಲು ಹಾಕುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮೂರನೆಯ ದಿನಕ್ಕೆ ಶಿರಹಟ್ಟಿಯಿಂದ ಬಂದಿದ್ದ ಅವರ ಅಣ್ಣನ ಮಗ ಅಂಗಡಿಯವನೊಬ್ಬನನ್ನು ಕರೆಸಿ ಎಲ್ಲ ಪ್ರಾಣಿಗಳನ್ನು ಒಟ್ಟಿಗೆ ಕೊಟ್ಟುಬಿಟ್ಟ. ಅಂಗಡಿಯವನು ಬಣ್ಣ ನೋಡಿ ಜೋಡಿ ಮಾಡಿ ಟೆಂಪೋಗೆ ಏರಿಸುತ್ತಿದ್ದ. ನೋಟ್‌ಬುಕ್ಕು ರದ್ದಿಯ ಚೀಲದಲ್ಲಿತ್ತು. ಹಿಂದೆ ನಾನೇ ಬರೆದಿಟ್ಟಿದ್ದ ಒಂದು ಸೂಲಿನ ಎರಡನ್ನು ಒಂದೇ ಪಂಜರದಲ್ಲಿ ಕಂಡು, ತಡೆಯಲಾರದೆ ಹೋಗಿ, “ಆ ಎರಡು ಅಣ್ಣತಂಗಿ ಅದಾವು, ಕೂಡಿ ಹಾಕಬ್ಯಾಡ್ರಿ,” ಎಂದೆ.

“ನೀವು ಅವರಿಗೆ ಏನಾಗಬೇಕ್ರಿ?” ಎಂದು ಅಣ್ಣನ ಮಗ ಕೇಳಿದ.

ಓಣಿಯ ಹತ್ತು ಜನ ನಿಂತಿದ್ದರು. ನಾನು ಬದಿಗೆ ಸರಿದು ದಾರಿ ಬಿಟ್ಟೆ. ಟೆಂಪೋ ಹೋಯಿತು. ಅಷ್ಟು ವರ್ಷ ನೋಡಿ, ಅಳೆದು, ಬೇರ್ಪಡಿಸಿ ಬೆಳೆಸಿದ ಸಂತಾನ ಅರ್ಧ ತಾಸಿನಲ್ಲಿ ಮೊದಲಿದ್ದಲ್ಲಿಗೇ ಬಂತು.

ಮನೆಗೆ ಬಂದು ಮಗಳ ಮುಂದೆ ಅತ್ತೆ. ಅವಳು ನರ್ಸಬಾಯಿಯವರ ಮಣ್ಣಿಗೆಂದು ಬಂದವಳು ಇನ್ನೂ ಬೆಳ್ಳಟ್ಟಿಗೆ ಮರಳಿರಲಿಲ್ಲ. “ಅವತ್ತ ಅವರು ಬಂದಾಗ ನಾ ಹಂಗ ಅನಬಾರದಿತ್ತು,” ಎಂದೆ. ಅವಳು ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ.

“ಅವರು ತಾವಾಗಿ ಬಂದಿರಲಿಲ್ಲವ್ವಾ. ನಾನ ಕಳಿಸಿದ್ದೆ. ಮಾಮಾನ್ನ ಲಗ್ನ ಆಗಾಕ ನನಗ ಮನಸ್ಸಿಲ್ಲ, ಅವ್ವಗ ಹೇಳಾಕ ಅಂಜಿಕಿ ಬರ್ತೈತಿ, ನೀವ ಹೇಳ್ರಿ ಅಂತ ಅತ್ತಿದ್ದೆ. ನನ್ನ ಹೆಸರು ತಗೀಬ್ಯಾಡ್ರಿ ಅಂದಿದ್ದೆ.”

“ನಾ ಅಷ್ಟ ಅಂದ್ರೂ ಹೇಳಲಿಲ್ಲಲ್ಲ ಅವರು.”

“ಮಾತು ಕೊಟ್ಟಿದ್ರು,” ಎಂದಳು. ಮಡಚಿದ ಬಟ್ಟೆಯನ್ನು ಚೀಲದಲ್ಲಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ತಪ್ಪಾಯಿತು ಎಂದು ಹೇಳಬೇಕಾದ ಇಬ್ಬರಲ್ಲಿ ಒಬ್ಬರು ಈಗ ಇಲ್ಲ. ಇನ್ನೊಬ್ಬಳು ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಊಟವಾಯಿತೇ, ಮಳೆಯಾಯಿತೇ ಎಂದು ಕೇಳುತ್ತೇನೆ. ಇವತ್ತಿನವರೆಗೂ ಅದನ್ನು ಹೇಳಿಲ್ಲ.